ದೇವದೂತನು ತಾರದ ಹಣ: ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದ ಒಂದು ವಿವೇಚನೆ

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡತಕ್ಕ ಚಿತ್ರವೆಂದು ಯಾರಾದರೂ ಹೊಗಳಿದೊಡನೆ ವಿಮರ್ಶಕನಾದವನ ತುಟಿಯ ಮೇಲೆ ಒಂದು ಸಣ್ಣ ನಗೆ ಸುಳಿಯುವುದುಂಟು. ಅಂಥ ಚಿತ್ರದಲ್ಲಿ ಏನಿದ್ದೀತೆಂಬುದನ್ನು ಅವನು ನೋಡುವ ಮೊದಲೇ ಬಲ್ಲನು. ಒಳ್ಳೆಯವನೊಬ್ಬನಿಗೆ ಸಂಕಟ ಬರುವುದು, ಅವನು ದೇವರಿಗೆ ಮೊರೆಯಿಡುವನು, ದೇವರು ಓಗೊಡುವನು, ಕೆಟ್ಟವನು ತಲೆ ತಗ್ಗಿಸುವನು, ಹೆಂಡತಿ ಮಕ್ಕಳು ಸುತ್ತ ನೆರೆಯುವರು, ಪ್ರೇಕ್ಷಕನು ಕಣ್ಣೊರಸಿಕೊಂಡು ಮನೆಗೆ ಹೋಗುವನು. ಇದರಲ್ಲಿ ವಿಮರ್ಶೆಗೆ ಎಡೆಯೆಲ್ಲಿ?

ಅಮೆರಿಕದಲ್ಲಿ ಕ್ರಿಸ್‌ಮಸ್ ಹಬ್ಬ ಬಂತೆಂದರೆ ಮನೆಮನೆಗಳಲ್ಲಿ ನೋಡುವ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಎಂಬ ಚಿತ್ರವನ್ನು ಕುರಿತು ನನಗೂ ಬಹುಕಾಲ ಇದೇ ಭಾವನೆಯಿದ್ದಿತು. ಫ್ರಾಂಕ್ ಕ್ಯಾಪ್ರಾ ಎಂಬ ನಿರ್ದೇಶಕನು ೧೯೪೬ರಲ್ಲಿ ತೆಗೆದ ಚಿತ್ರವಿದು. ದೈವಶ್ರದ್ಧೆ, ದಾಂಪತ್ಯಪ್ರೇಮ, ಮನೆತನದ ಮಮತೆ ಈ ಮೂರನ್ನೂ ಹದವಾಗಿ ಬೆರೆಸಿದ ಹಬ್ಬದ ಅಡುಗೆಯೆಂದು ಇದನ್ನು ಕರೆಯುವವರುಂಟು. ಮೊದಲ ಸಲ ನೋಡಿದಾಗ ಕೊನೆಯಲ್ಲಿ ನನ್ನ ಕಣ್ಣೂ ತೇವವಾಯಿತು; ತೇವವಾದುದಕ್ಕೆ ನಾಚಿಕೆಯೂ ಆಯಿತು. ಚಿತ್ರವು ಆ ಕಣ್ಣೀರನ್ನು ನ್ಯಾಯವಾಗಿ ಗಳಿಸಿತೋ, ಇಲ್ಲ ಪುಸಲಾಯಿಸಿ ಕಸಿದುಕೊಂಡಿತೋ ಎಂಬ ಸಂದೇಹವು ಅಂದು ಹುಟ್ಟಿದ್ದು, ಮತ್ತೆ ಮತ್ತೆ ನೋಡಿದ ಮೇಲೆ ಒಂದು ಹದಕ್ಕೆ ಬಂದಿದೆ. ಅದನ್ನು ಸಹೃದಯರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ಚಿತ್ರದ ಮೂಲವು ಒಂದು ಸಣ್ಣ ಕಥೆ. ಫಿಲಿಪ್ ವ್ಯಾನ್ ಡೊರೆನ್ ಸ್ಟರ್ನ್ ಎಂಬ ಲೇಖಕನು ‘ದಿ ಗ್ರೇಟೆಸ್ಟ್ ಗಿಫ್ಟ್’ ಎಂಬ ಹೆಸರಿನಲ್ಲಿ ಅದನ್ನು ಬರೆದು ಪತ್ರಿಕೆಗಳಿಗೆ ಕಳುಹಿಸಿದನು, ಯಾರೂ ಕೊಳ್ಳಲಿಲ್ಲ. ಕಡೆಗೆ ೧೯೪೩ರಲ್ಲಿ ತಾನೇ ೨೦೦ ಪ್ರತಿಗಳನ್ನು ಅಚ್ಚು ಹಾಕಿಸಿ, ಕ್ರಿಸ್‌ಮಸ್ ಶುಭಾಶಯದ ಕಾರ್ಡಿನ ಬದಲಾಗಿ ಗೆಳೆಯರಿಗೆ ಹಂಚಿದನು. ಮರುವರ್ಷ ಆರ್.ಕೆ.ಓ. ಎಂಬ ಚಿತ್ರಸಂಸ್ಥೆಯು ೧೦,೦೦೦ ಡಾಲರುಗಳನ್ನು ತೆತ್ತು ಅದರ ಹಕ್ಕನ್ನು ಪಡೆಯಿತು. ಅಲ್ಲಿಂದ ಅದು ಕ್ಯಾಪ್ರಾನ ಕೈಗೆ ಬಂದಿತು. ಪತ್ರಿಕೆಗಳಿಂದ ತಿರುಗಿ ಬಂದ ಕಥೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿರುವ ನಮ್ಮ ಸಹೋದ್ಯೋಗಿಗಳಿಗೆ ಈ ವೃತ್ತಾಂತವು ಸ್ವಲ್ಪ ಧೈರ್ಯ ಕೊಟ್ಟೀತು.

ಮೂಲಕಥೆಯ ನಾಯಕನು ಬ್ಯಾಂಕಿನ ಒಬ್ಬ ಗುಮಾಸ್ತ. ಅವನ ದುಃಖವೆಲ್ಲ ಮಂಕು ಬದುಕಿನ ಬೇಸರ. ತಾನು ಹುಟ್ಟಲೇಬಾರದಾಗಿತ್ತೆಂದು ಅವನು ಹಲುಬುವಾಗ ಅಪರಿಚಿತನೊಬ್ಬನು ಬಂದು ಆ ಕೋರಿಕೆಯನ್ನು ಸಲ್ಲಿಸುತ್ತಾನೆ. ಅವನಿಲ್ಲದ ಊರನ್ನು ಅವನಿಗೇ ತೋರಿಸುತ್ತಾನೆ. ಕ್ಯಾಪ್ರಾನೂ ಅವನೊಡನೆ ಚಿತ್ರಕಥೆ ಬರೆದ ಫ್ರಾನ್ಸೆಸ್ ಗುಡ್‌ರಿಚ್, ಆಲ್ಬರ್ಟ್ ಹ್ಯಾಕೆಟ್ ದಂಪತಿಗಳೂ ಈ ಕಲ್ಪನೆಯನ್ನು ಮಾತ್ರ ಉಳಿಸಿಕೊಂಡು, ಅದಕ್ಕೆ ಒಂದು ಊರನ್ನೂ ಒಂದು ಸಾಲದ ಸಂಘವನ್ನೂ ಕಳೆದುಹೋದ ೮,೦೦೦ ಡಾಲರುಗಳನ್ನೂ ಸೇರಿಸಿದರು. ಮೇಲುನೋಟಕ್ಕೆ ಇದು ಕಥೆಯನ್ನು ಹಿಗ್ಗಿಸುವ ಉಪಾಯವೆಂದು ತೋರಬಹುದು. ನನ್ನ ಮಟ್ಟಿಗೆ ಚಿತ್ರದ ಜೀವವೆಲ್ಲ ಈ ಸೇರ್ಪಡೆಯಲ್ಲಿಯೇ ಇದೆ.

ಬೆಡ್‌ಫರ್ಡ್ ಫಾಲ್ಸ್ ಒಂದು ಸಣ್ಣ ಪೇಟೆ. ಅಲ್ಲಿ ಪೀಟರ್ ಬೇಯ್ಲಿ ಎಂಬಾತನು ಬಿಲ್ಡಿಂಗ್ ಅಂಡ್ ಲೋನ್ ಎಂಬ ಸಂಘವನ್ನು ನಡೆಸುತ್ತಾನೆ. ಊರಿನ ಮಿಕ್ಕೆಲ್ಲವೂ ಪಾಟರ್ ಎಂಬ ಮುದಿ ಧನಿಕನ ಕೈಯಲ್ಲಿದೆ. ಪೀಟರನ ಹಿರಿಯ ಮಗ ಜಾರ್ಜನಿಗೆ ಊರು ಬಿಡುವ ಹಂಬಲ. ಲೋಕ ಸುತ್ತಬೇಕು, ಕಾಲೇಜಿನಲ್ಲಿ ಓದಬೇಕು, ಸೇತುವೆ ಕಟ್ಟಬೇಕು ಎಂದು ಚಿಕ್ಕಂದಿನಿಂದ ಕನಸು ಕಂಡವನು. ಹೊರಡುವ ಹೊತ್ತಿಗೆ ತಂದೆ ಸಾಯುತ್ತಾನೆ. ಸಂಘವನ್ನು ಮುಚ್ಚಿಸಲು ಪಾಟರ್ ಹವಣಿಸುತ್ತಾನೆ. ಜಾರ್ಜ್ ನಿಂತರೆ ಮಾತ್ರ ಸಂಘ ಉಳಿಯುವುದೆಂದು ಆಡಳಿತ ಮಂಡಲಿ ತೀರ್ಮಾನಿಸುತ್ತದೆ. ಅವನು ನಿಲ್ಲುತ್ತಾನೆ. ತನ್ನ ಓದಿಗೆ ಕೂಡಿಟ್ಟ ಹಣದಲ್ಲಿ ತಮ್ಮ ಹ್ಯಾರಿಯನ್ನು ಕಾಲೇಜಿಗೆ ಕಳುಹಿಸುತ್ತಾನೆ. ನಾಲ್ಕು ವರ್ಷಗಳ ಮೇಲೆ ತಮ್ಮನು ಹಿಂದಿರುಗಿ ಸಂಘದ ಹೊಣೆ ಹೊರಬೇಕು, ಅಣ್ಣನು ಹೊರಡಬೇಕು, ಒಪ್ಪಂದ ಹಾಗಿದ್ದಿತು. ರೈಲಿನಿಂದ ಇಳಿದ ತಮ್ಮನ ಪಕ್ಕದಲ್ಲಿ ಹೊಸ ಹೆಂಡತಿ ನಿಂತಿದ್ದಾಳೆ. ಮಾವನು ಅಳಿಯನಿಗೆ ಬೇರೆ ಕಡೆ ಕೆಲಸ ಗೊತ್ತುಮಾಡಿದ್ದಾನೆ. ಆ ಸುದ್ದಿಯನ್ನು ಕೇಳಿದ ಕ್ಷಣದಲ್ಲಿ ಜಾರ್ಜನ ಮುಖವನ್ನು ಕ್ಯಾಮೆರಾ ಬಿಡದೆ ಹಿಂಬಾಲಿಸುತ್ತದೆ. ಒಂದು ಮಾತಿಲ್ಲ. ಜೇಮ್ಸ್ ಸ್ಟೂವರ್ಟನ ನಟನೆಯನ್ನು ಮೆಚ್ಚುವವರು ಅವನ ನೀಳವಾದ ಭಾಷಣಗಳನ್ನು ಎತ್ತಿ ಹೇಳುವುದುಂಟು. ನಾನಾದರೆ ಈ ಮೌನವನ್ನು ಮೊದಲು ಹೇಳುತ್ತೇನೆ. ಸ್ಟೂವರ್ಟನು ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳನ್ನು ನಡೆಸಿ ಹಿಂದಿರುಗಿದ ಮೇಲೆ ನಟಿಸಿದ ಮೊದಲ ಚಿತ್ರವಿದು. ಮುಖದಲ್ಲಿ ಅದರ ಗುರುತಿದೆಯೆಂದರೆ ಕಲ್ಪನೆಯಾದೀತು. ಆದರೆ ಯುದ್ಧಕ್ಕೆ ಮುಂಚಿನ ಅವನ ಚಿತ್ರಗಳಲ್ಲಿ ಕಾಣುವ ಎಳೆತನವು ಇಲ್ಲಿ ಇಲ್ಲ.

ಇಲ್ಲಿ ಸಂಘದ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ತಿಳಿಸಬೇಕು. ಇದು ತಿಳಿಯದೆ ಚಿತ್ರದ ಮುಖ್ಯ ಸನ್ನಿವೇಶವು ತಿಳಿಯದು. ಕೂಲಿನಾಲಿ ಮಾಡುವವರು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಣವನ್ನು ಷೇರು ರೂಪದಲ್ಲಿ ಕಟ್ಟುತ್ತಾರೆ. ಕೂಡಿದ ಹಣವನ್ನು ಅವರಲ್ಲೇ ಒಬ್ಬೊಬ್ಬರಿಗೆ ಮನೆ ಕಟ್ಟಲು ಸಾಲವಾಗಿ ಕೊಡುತ್ತಾರೆ. ೧೮೩೧ರಲ್ಲಿ ಫಿಲಡೆಲ್ಫಿಯಾದ ಬಳಿ ಇಂಥ ಮೊದಲ ಸಂಘ ಹುಟ್ಟಿ, ಅಮೆರಿಕದ ಪೇಟೆಪೇಟೆಗೂ ಈ ಪದ್ಧತಿ ಹಬ್ಬಿತು. ಗದಗ ಸೀಮೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಹುಟ್ಟಿದ ಸಹಕಾರಿ ಸಂಘದ ಕಥೆಯನ್ನು ಬಲ್ಲ ನಮಗೆ ಇದು ಪರಕೀಯವಾದ ವಿಚಾರವಲ್ಲ. ಬೆಳೆಸಾಲಕ್ಕೂ ಮನೆಸಾಲಕ್ಕೂ ವ್ಯತ್ಯಾಸವುಂಟು, ತತ್ತ್ವವೊಂದೇ.

ಜಾರ್ಜನಿಗೂ ಮೇರಿಗೂ ಮದುವೆಯಾದ ದಿನ. ಇಬ್ಬರೂ ಪ್ರವಾಸಕ್ಕೆ ಹೊರಟಿದ್ದಾರೆ. ಅಂದೇ ಊರಿನ ಬ್ಯಾಂಕಿನ ಮುಂದೆ ಜನ ಮುಗಿಬಿದ್ದಿದ್ದಾರೆ. ಆರ್ಥಿಕ ಮುಗ್ಗಟ್ಟಿನ ಕಾಲ, ಸರಕಾರವು ಠೇವಣಿಗಳಿಗೆ ಭದ್ರತೆ ಕೊಡುವ ಏರ್ಪಾಡು ಇನ್ನೂ ಆಗಿರಲಿಲ್ಲ. ಸಂಘದ ಕಚೇರಿಯಲ್ಲಿಯೂ ಅದೇ ನೂಕುನುಗ್ಗಲು. ಕಟ್ಟಿದ ಹಣವನ್ನು ಈಗಲೇ ಕೊಡಿ ಎಂದು ಕೇಳುವವರಿಗೆ ಜಾರ್ಜ್ ಒಂದು ಸಣ್ಣ ಪಾಠ ಹೇಳುತ್ತಾನೆ: ನಿಮ್ಮ ಹಣ ಈ ತಿಜೋರಿಯಲ್ಲಿಲ್ಲ, ನಿಮ್ಮ ಪಕ್ಕದವನ ಮನೆಯ ಗೋಡೆಯಲ್ಲಿದೆ, ಅವನದು ನಿಮ್ಮ ಮನೆಯಲ್ಲಿದೆ. ಅತ್ತ ಪಾಟರನು ಡಾಲರಿಗೆ ಅರ್ಧ ಬೆಲೆ ಕೊಟ್ಟು ಷೇರುಗಳನ್ನು ಕೊಳ್ಳಲು ಸಿದ್ಧನಾಗಿದ್ದಾನೆ. ಜನರು ಅತ್ತ ವಾಲುತ್ತಿರುವಾಗ, ಹಿಂದೆ ನಿಂತಿದ್ದ ಮೇರಿ ಪ್ರವಾಸಕ್ಕೆಂದು ಇಟ್ಟುಕೊಂಡಿದ್ದ ೨,೦೦೦ ಡಾಲರುಗಳ ಕಟ್ಟನ್ನು ಕೈಯೆತ್ತಿ ತೋರಿಸಿ, ಎಷ್ಟು ಬೇಕೆಂದು ಕೇಳುತ್ತಾಳೆ. ಒಬ್ಬನು ತನ್ನ ಲೆಕ್ಕವನ್ನು ಪೂರ್ತಿ ಚುಕ್ತಾ ಮಾಡಿಸಿಕೊಂಡೇ ಹೋಗುತ್ತಾನೆ. ಮತ್ತೊಬ್ಬರು ಇಪ್ಪತ್ತು ಸಾಕೆನ್ನುತ್ತಾರೆ. ಇನ್ನೊಬ್ಬಾಕೆ ಹದಿನೇಳೂವರೆ ಡಾಲರ್ ಕೇಳುತ್ತಾಳೆ. ಜಾರ್ಜ್ ಆಕೆಗೆ ಮುತ್ತಿಡುತ್ತಾನೆ. ಸಂಜೆ ಆರು ಗಂಟೆಗೆ ಬಾಗಿಲು ಮುಚ್ಚುವಾಗ ಉಳಿದದ್ದು ಎರಡು ಡಾಲರ್. ಆ ಎರಡು ನೋಟುಗಳನ್ನು ಮೆರವಣಿಗೆಯಲ್ಲಿ ಹೊತ್ತುಕೊಂಡು ಹೋಗಿ ತಿಜೋರಿಯಲ್ಲಿಡುತ್ತಾರೆ.

ಈ ಸನ್ನಿವೇಶವನ್ನು ನಾನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಮುಂದೆ ಕೊನೆಯಲ್ಲಿ ನಡೆಯುವುದೆಲ್ಲ ಇಲ್ಲಿ ಒಮ್ಮೆ ನಡೆದುಹೋಗಿದೆ. ಊರಿನ ಜನ ಒಂದು ಕೋಣೆಯಲ್ಲಿ ನೆರೆದಿದ್ದಾರೆ. ನಡುವೆ ಒಂದು ಮೇಜು. ಮೇಜಿನ ಮೇಲೆ ಹಣ. ಇಲ್ಲಿ ಹಣವು ಮೇಜಿನಿಂದ ಜನರ ಕಡೆಗೆ ಹೋಗುತ್ತದೆ; ಕೊನೆಯಲ್ಲಿ ಜನರಿಂದ ಮೇಜಿಗೆ ಬರುತ್ತದೆ. ಎರಡು ಸಲವೂ ಅದನ್ನು ಹೊರಡಿಸುವ ಕೈ ಮೇರಿಯದು.

ಈಗ ಕತ್ತಲೆಯ ಭಾಗಕ್ಕೆ ಬರೋಣ. ೧೯೪೫ರ ಕ್ರಿಸ್‌ಮಸ್ ಮುನ್ನಾದಿನ. ಸಂಘದ ೮,೦೦೦ ಡಾಲರುಗಳನ್ನು ಬ್ಯಾಂಕಿಗೆ ಕಟ್ಟಲು ಹೋದ ಚಿಕ್ಕಪ್ಪ ಬಿಲ್ಲಿಯು ಮೈಮರೆತು ಹಣವನ್ನು ಪತ್ರಿಕೆಯೊಂದರೊಳಗೆ ಮಡಚಿ ಪಾಟರನ ಕೈಗೇ ಕೊಟ್ಟುಬಿಡುತ್ತಾನೆ. ಪಾಟರ್ ಅದನ್ನು ನೋಡಿ ಬಚ್ಚಿಡುತ್ತಾನೆ. ಅಂದೇ ಲೆಕ್ಕ ಪರೀಕ್ಷಕನು ಬಂದಿದ್ದಾನೆ. ಜಾರ್ಜನಿಗೆ ಸೆರೆಮನೆ ಎದುರಿಗೆ ಕಾಣುತ್ತದೆ. ಅವನು ಮನೆಗೆ ಬರುತ್ತಾನೆ. ಮನೆಯಲ್ಲಿ ಹಬ್ಬ: ಹೆಂಡತಿ ಮರವನ್ನು ಸಿಂಗರಿಸುತ್ತಿದ್ದಾಳೆ, ಒಬ್ಬ ಮಗಳು ಪಿಯಾನೋದಲ್ಲಿ ಒಂದೇ ಹಾಡನ್ನು ಮತ್ತೆ ಮತ್ತೆ ಬಾರಿಸುತ್ತಿದ್ದಾಳೆ, ಕಿರಿಯಳಾದ ಝೂಝೂ ನೆಗಡಿ ಜ್ವರದಿಂದ ಮಲಗಿದ್ದಾಳೆ. ಮೆಟ್ಟಿಲ ಕಂಬದ ಗುಂಡು ಎಂದಿನಂತೆ ಕೈಗೆ ಕಳಚಿ ಬರುತ್ತದೆ. ಈ ಸುಖಸಂಸಾರದ ಒಂದೊಂದು ಸದ್ದೂ ಅವನಿಗೆ ಮುಳ್ಳು. ಮಕ್ಕಳ ಮೇಲೆ ಕಿರುಚುತ್ತಾನೆ. ಮೂಲೆಯಲ್ಲಿಟ್ಟಿದ್ದ ತನ್ನ ಸೇತುವೆಯ ಮಾದರಿಯನ್ನು ಒದೆದು ಕೆಡವುತ್ತಾನೆ. ಎಲ್ಲಕ್ಕಿಂತ ನೋವಿನ ಮಾತು ನಮ್ಮ ವೃತ್ತಿಗೆ ಸಂಬಂಧಿಸಿದ್ದು. ಝೂಝೂವಿನ ಉಪಾಧ್ಯಾಯಿನಿಯು ಮಗುವಿನ ಕ್ಷೇಮ ವಿಚಾರಿಸಲೆಂದು ಟೆಲಿಫೋನ್ ಮಾಡಿದ್ದಾಳೆ. ಜಾರ್ಜ್ ಅದನ್ನು ಕಿತ್ತುಕೊಂಡು, ಮಗುವಿಗೆ ಜ್ವರ ಬರಿಸಿದವಳು ನೀನೇ ಎಂದು ವಾಚಾಮಗೋಚರವಾಗಿ ಬೈಯುತ್ತಾನೆ. ಆಕೆ ಅತ್ತಳೆಂಬುದು ನಮಗೆ ಆಮೇಲೆ, ಸಾರಾಯಿಯಂಗಡಿಯಲ್ಲಿ ಆಕೆಯ ಗಂಡನು ಜಾರ್ಜನ ಮುಖಕ್ಕೆ ಗುದ್ದಿದಾಗ ತಿಳಿಯುತ್ತದೆ.

ಹಬ್ಬದ ಚಿತ್ರವೊಂದು ತನ್ನ ನಾಯಕನನ್ನು ಇಷ್ಟು ಕೆಳಕ್ಕೆ ಇಳಿಸುವ ಧೈರ್ಯ ಮಾಡುವುದಿಲ್ಲ. ಧೀರೋದಾತ್ತನ ಲಕ್ಷಣವನ್ನು ಕೈಯಲ್ಲಿ ಹಿಡಿದು ಬಂದವರಿಗೆ ಇಲ್ಲಿ ರಸಭಂಗವಾಗಬಹುದು. ಆದರೆ ಈ ಅರ್ಧ ಗಳಿಗೆಯಿಲ್ಲದೆ ಮುಂದಿನ ಕರುಣರಸಕ್ಕೆ ಆಧಾರವಿಲ್ಲ. ಜಾರ್ಜನು ಬಡವನಾದ ಸಂತನಲ್ಲ. ಇಪ್ಪತ್ತು ವರ್ಷಗಳ ತ್ಯಾಗದ ಬಡ್ಡಿಯನ್ನು ಒಂದೇ ಸಂಜೆಯಲ್ಲಿ ಮನೆಯವರಿಂದ ವಸೂಲು ಮಾಡಲು ಹೊರಟ ಮನುಷ್ಯ. ತ್ಯಾಗವು ಒಳಗೆ ಹುಳಿಯುತ್ತದೆಂಬುದನ್ನು ಕ್ಯಾಪ್ರಾನು ಬಲ್ಲನು. ಪಾಟರನ ಬಳಿ ಸಾಲಕ್ಕೆ ಹೋದಾಗ ಜಾರ್ಜನ ಕೈಯಲ್ಲಿ ಅಡವಿಗೆ ಇರುವುದು ೧೫,೦೦೦ ಡಾಲರಿನ ಜೀವವಿಮೆಯ ಪತ್ರ; ಅದರ ಈಗಿನ ಬೆಲೆ ೫೦೦. ಬದುಕಿರುವುದಕ್ಕಿಂತ ಸತ್ತರೇ ನಿನಗೆ ಹೆಚ್ಚು ಬೆಲೆಯೆಂದು ಪಾಟರ್ ಲೆಕ್ಕ ಹೇಳುತ್ತಾನೆ. ಲೆಕ್ಕದಲ್ಲಿ ತಪ್ಪಿಲ್ಲ. ಆ ಲೆಕ್ಕವೇ ಅವನನ್ನು ಸೇತುವೆಯ ಮೇಲೆ ತಂದು ನಿಲ್ಲಿಸುತ್ತದೆ.

ಅಲ್ಲಿಗೆ ದೇವದೂತನು ಬರುತ್ತಾನೆ. ಕ್ಲಾರೆನ್ಸ್ ಎಂದು ಅವನ ಹೆಸರು. ಇನ್ನೂ ರೆಕ್ಕೆ ಬಾರದ ಎರಡನೆಯ ದರ್ಜೆಯವನು, ಕೈಯಲ್ಲಿ ‘ಟಾಮ್ ಸಾಯರ್’ ಪುಸ್ತಕ. ಸುಮಾರು ೧೩೦ ನಿಮಿಷಗಳ ಚಿತ್ರದಲ್ಲಿ ಅವನು ಭೂಮಿಗೆ ಇಳಿಯುವುದು ಮುಕ್ಕಾಲು ಭಾಗ ಕಳೆದ ಮೇಲೆ. ಅವನು ಜಾರ್ಜನನ್ನು ನೀರಿನಿಂದ ಎತ್ತುವುದಿಲ್ಲ. ತಾನೇ ನೀರಿಗೆ ಬೀಳುತ್ತಾನೆ, ಜಾರ್ಜ್ ಅವನನ್ನು ಎತ್ತುತ್ತಾನೆ. ಸಾಯಹೊರಟವನನ್ನು ಉಳಿಸುವ ದಾರಿ, ಅವನಿಗೆ ಇನ್ನೊಬ್ಬನನ್ನು ಉಳಿಸುವ ಕೆಲಸ ಕೊಡುವುದು ಎಂಬುದು ಎಷ್ಟು ಸರಳವಾದ, ಎಷ್ಟು ಸೂಕ್ಷ್ಮವಾದ ಕಲ್ಪನೆ! ಜಾರ್ಜನು ಹಣ ಕೇಳಿದಾಗ, ನಮ್ಮ ಲೋಕದಲ್ಲಿ ಹಣವಿಲ್ಲವೆಂದು ದೇವದೂತನು ಕೈಯಾಡಿಸಿಬಿಡುತ್ತಾನೆ. ಈ ಚಿತ್ರದ ದೈವಶ್ರದ್ಧೆಯ ತಿರುಳು ಇದೆಂದು ನಾನು ಭಾವಿಸುತ್ತೇನೆ.

ನಮ್ಮ ರಾಘವಾಂಕನ ಹರಿಶ್ಚಂದ್ರನನ್ನು ನೆನೆಯಿರಿ. ಸುಡುಗಾಡಿನ ಕೊನೆಯ ಪರೀಕ್ಷೆಯಲ್ಲಿ ದೇವರು ಪ್ರತ್ಯಕ್ಷನಾಗುತ್ತಾನೆ. ಸತ್ತ ಮಗ ಏಳುತ್ತಾನೆ. ಹೋದ ರಾಜ್ಯ ಬರುತ್ತದೆ. ಅಲ್ಲಿ ಕಸಿದವನೇ ಹಿಂದಿರುಗಿಸುತ್ತಾನೆ. ಇಲ್ಲಿ ಕಸಿದ ಪಾಟರ್ ಒಂದು ಕಾಸನ್ನೂ ಹಿಂದಿರುಗಿಸುವುದಿಲ್ಲ. ಅಪರಾಧಿಗೆ ಶಿಕ್ಷೆಯಾಗಲೇಬೇಕೆಂಬ ನೀತಿಸಂಹಿತೆಯು ಹಾಲಿವುಡ್ಡಿನಲ್ಲಿ ಅಮಲಿನಲ್ಲಿದ್ದ ಕಾಲವದು. ಆದರೂ ೮,೦೦೦ ಡಾಲರುಗಳನ್ನು ಜೇಬಿಗೆ ಹಾಕಿಕೊಂಡವನು ತನ್ನ ಗಾಲಿಕುರ್ಚಿಯಲ್ಲಿ ಹಾಗೆಯೇ ಕುಳಿತಿರುತ್ತಾನೆ. ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ (೧೮೪೩) ಕಥೆಯನ್ನು ನಮ್ಮಲ್ಲಿ ಬಹುಮಂದಿ ಪಾಠ ಹೇಳಿದ್ದೇವೆ. ಅಲ್ಲಿ ಹಬ್ಬದ ರಾತ್ರಿ ಭೂತಗಳು ಬರುವುದು ಜಿಪುಣನ ಬಳಿಗೆ. ಬೆಳಗಾಗುವಾಗ ಅವನು ಬದಲಾಗಿರುತ್ತಾನೆ. ಕ್ಯಾಪ್ರಾನು ಆ ಕ್ರಮವನ್ನು ತಿರುವಿಹಾಕಿದ್ದಾನೆ. ಜಿಪುಣನು ಇದ್ದಂತೆಯೇ ಇರಲಿ; ಕೊಟ್ಟು ಕೊಟ್ಟು ಬರಿದಾದವನಿಗೇ ದರ್ಶನ ಬೇಕಾಗಿರುವುದು. ಪಾಟರನಾಗಿ ನಟಿಸಿರುವ ಲಯೊನೆಲ್ ಬ್ಯಾರಿಮೋರನು ಅಮೆರಿಕದ ರೇಡಿಯೋದಲ್ಲಿ ಕ್ರಿಸ್‌ಮಸ್ ಕಾಲಕ್ಕೆ ಡಿಕನ್ಸನ ಆ ಜಿಪುಣನ ಪಾತ್ರವನ್ನು ವಹಿಸಿ ಹೆಸರಾಗಿದ್ದವನು. ಅದೇ ದನಿ ಈ ಸಲ ಪಶ್ಚಾತ್ತಾಪಪಡದೆ ಉಳಿಯುವುದನ್ನು ಅಂದಿನ ಪ್ರೇಕ್ಷಕರು ಗುರುತಿಸದಿರಲಾರರು.

ಕ್ಲಾರೆನ್ಸ್ ಕೊಡುವುದು ನೋಟವೊಂದನ್ನೇ. ಜಾರ್ಜ್ ಹುಟ್ಟದಿದ್ದರೆ ಊರಿಗೆ ಪಾಟರ್ಸ್‌ವಿಲ್ ಎಂದು ಹೆಸರು. ಮಗನ ಸಾವಿನ ತಂತಿ ಬಂದ ದಿನ ಮತಿಗೆಟ್ಟು ಮದ್ದಿನ ಬದಲು ವಿಷ ತುಂಬಿಕೊಟ್ಟ ಔಷಧಿಯಂಗಡಿಯ ಗೌವರನು, ತಡೆಯುವ ಹುಡುಗನಿಲ್ಲದೆ ಇಪ್ಪತ್ತು ವರ್ಷ ಸೆರೆವಾಸ ಅನುಭವಿಸಿ ಭಿಕ್ಷುಕನಾಗಿದ್ದಾನೆ. ಬಡವರಿಗೆ ಮನೆಗಳೆದ್ದ ಬಯಲು ಸ್ಮಶಾನವಾಗಿದೆ. ಹಿಮಗಡ್ಡೆ ಒಡೆದು ನೀರಿಗೆ ಬಿದ್ದ ತಮ್ಮನು ಅಲ್ಲೇ ಸತ್ತಿದ್ದಾನೆ. ಆದುದರಿಂದ ಯುದ್ಧದಲ್ಲಿ ಅವನು ಕಾಪಾಡಬೇಕಾಗಿದ್ದ ಹಡಗಿನ ಸೈನಿಕರೂ ಸತ್ತಿದ್ದಾರೆ. ಹೆತ್ತ ತಾಯಿ ಗುರುತು ಹಿಡಿಯದೆ ಬಾಗಿಲು ಮುಚ್ಚುತ್ತಾಳೆ. ಬ್ಯೂಲಾ ಬಾಂಡಿಯ ಮುಖದಲ್ಲಿ ಆ ಕ್ಷಣ ಕಾಣುವ ಗಡಸುತನವನ್ನು ನೋಡಿದವರು ಮರೆಯಲಾರರು.

ಇನ್ನು ದೋಷಗಳು. ಅವನ್ನು ಮರೆಮಾಚುವುದು ವಿಮರ್ಶಾಧರ್ಮವಲ್ಲ. ಜಾರ್ಜನಿಲ್ಲದ ಊರಿನಲ್ಲಿ ಮೇರಿ ಏನಾಗಿದ್ದಾಳೆ? ಮದುವೆಯಿಲ್ಲದೆ, ಕನ್ನಡಕ ಹಾಕಿಕೊಂಡು, ಗ್ರಂಥಾಲಯದ ಬಾಗಿಲಿಗೆ ಬೀಗ ಹಾಕುತ್ತ, ಗಂಡಸಿನ ನೆರಳಿಗೆ ಬೆದರುವ ಹೆಣ್ಣಾಗಿದ್ದಾಳೆ. ಚಿತ್ರವು ಇದನ್ನು ಸಾವು ಸೆರೆಮನೆಗಳ ಸಾಲಿನಲ್ಲಿ ಕಟ್ಟಕಡೆಯ ಘೋರವೆಂದು ಇಡುತ್ತದೆ. ಗ್ರಂಥಪಾಲಕಿಯಾಗಿರುವುದು ಯಾವ ದುರ್ಗತಿ? ನಮ್ಮ ಸಭಿಕರಲ್ಲಿ ಕುಳಿತಿರುವ ಅನೇಕ ಸೋದರಿಯರು ಇಲ್ಲಿ ಮುಖ ತಿರುಗಿಸಿದರೆ ಅವರದು ತಪ್ಪಲ್ಲ. ಆ ಇನ್ನೊಂದು ಊರಿನ ಅಧಃಪತನವನ್ನು ಕುಣಿತದ ಮನೆ, ಕುಡಿತದ ಅಂಗಡಿ, ಮಿನುಗುದೀಪಗಳಿಂದ ಸೂಚಿಸಿರುವುದೂ ಸುಲಭದ ದಾರಿ. ಮನೆಯ ಅಡುಗೆಕೆಲಸದ ಕರಿಯ ಹೆಂಗಸು ಆನಿಯು ಕೊನೆಯಲ್ಲಿ ತಾನು ಕೂಡಿಟ್ಟ ಹಣವನ್ನು ತಂದು ಸುರಿಯುತ್ತಾಳೆ. ಆದರೆ ಅವಳಿಗೆ ಜಾರ್ಜ್ ಏನು ಮಾಡಿದ್ದನೆಂಬುದನ್ನು ತೋರಿಸುವ ಒಂದು ದೃಶ್ಯವೂ ಇಲ್ಲ. ಉಳಿದವರ ಕಾಣಿಕೆಗೆಲ್ಲ ಹಿಂದೆ ಒಂದು ಕಥೆಯಿದೆ, ಅವಳದಕ್ಕೆ ಇಲ್ಲ. ಕಾಲದ ದೋಷವೆಂದು ಇದನ್ನು ತೇಲಿಸಿಬಿಡಲು ನನ್ನ ಮನಸ್ಸು ಒಪ್ಪದು.

ಚಿತ್ರವು ಬಂದಾಗ ಭಾವುಕತೆ ಅತಿಯಾಯಿತೆಂದು ನ್ಯೂಯಾರ್ಕಿನ ವಿಮರ್ಶಕರು ಆಕ್ಷೇಪಿಸಿದರು. ಐದು ವಿಭಾಗಗಳಲ್ಲಿ ಆಸ್ಕರ್ ಪ್ರಶಸ್ತಿಗೆ ಹೆಸರು ಬಂದರೂ ಅವುಗಳಲ್ಲಿ ಒಂದೂ ದಕ್ಕಲಿಲ್ಲ. ಆ ವರ್ಷದ ಶ್ರೇಷ್ಠ ಚಿತ್ರವೆನಿಸಿದ್ದು ಕ್ಯಾಪ್ರಾನ ಸಂಸ್ಥೆಯಲ್ಲೇ ಪಾಲುದಾರನಾಗಿದ್ದ ವಿಲಿಯಂ ವೈಲರನು ಬೇರೊಬ್ಬ ನಿರ್ಮಾಪಕನಿಗಾಗಿ ತೆಗೆದ ಚಿತ್ರ. ಸಾಬೂನು ಮತ್ತು ಬೆಂಕಿಯಾರಿಸುವ ನೊರೆಗಳಿಂದ ಸದ್ದಿಲ್ಲದ ಕೃತಕ ಹಿಮವನ್ನು ಮಾಡಿದ ತಂತ್ರಜ್ಞರಿಗೆ ಮಾತ್ರ ಒಂದು ತಾಂತ್ರಿಕ ಮನ್ನಣೆ ದೊರೆಯಿತು. (ಆ ಹಿಮರಾತ್ರಿಗಳನ್ನೆಲ್ಲ ಕ್ಯಾಲಿಫೋರ್ನಿಯಾದ ಬೇಸಗೆಯ ಸೆಕೆಯಲ್ಲಿ ತೆಗೆದದ್ದು.) ಹಾಕಿದ ಹಣವೂ ಹಿಂದಿರುಗಲಿಲ್ಲ. ೧೯೪೭ರಲ್ಲಿ ಅಮೆರಿಕದ ಎಫ್.ಬಿ.ಐ. ದಾಖಲೆಯೊಂದು, ಬ್ಯಾಂಕಿನ ಮಾಲಿಕರನ್ನು ಕೆಟ್ಟವರೆಂದು ಚಿತ್ರಿಸುವುದು ಕಮ್ಯೂನಿಸ್ಟರ ಉಪಾಯವೆಂದು ಈ ಚಿತ್ರದ ಮೇಲೆ ಸಂದೇಹಪಟ್ಟಿತು! ೧೯೭೪ರಲ್ಲಿ ಅದರ ಹಕ್ಕನ್ನು ನವೀಕರಿಸದೆ ಬಿಟ್ಟುದರಿಂದ ಟೆಲಿವಿಷನ್ ಕೇಂದ್ರಗಳು ಕಾಸಿಲ್ಲದೆ ಪ್ರತಿ ಡಿಸೆಂಬರಿನಲ್ಲಿಯೂ ತೋರಿಸತೊಡಗಿದವು. ಹಾಗೆ ಅದು ಹಬ್ಬದ ಚಿತ್ರವಾಯಿತು. ೧೯೯೦ರಲ್ಲಿ ಆ ದೇಶದ ರಾಷ್ಟ್ರೀಯ ಚಿತ್ರಸಂಗ್ರಹದ ಪಟ್ಟಿಗೂ ಸೇರಿತು. ಯಾರದೋ ಮರೆವಿನಿಂದ ಕಳೆದುಹೋದದ್ದು ಊರವರ ಕೈಗೆ ಸಿಕ್ಕಿ ಬೆಳೆದದ್ದು ಚಿಕ್ಕಪ್ಪ ಬಿಲ್ಲಿಯ ಕಥೆಗೆ ಒಪ್ಪುವಂತಿದೆ.

ಭಾವುಕತೆಯ ಆಕ್ಷೇಪಕ್ಕೆ ನನ್ನ ಉತ್ತರವು ಲೆಕ್ಕದ ಪುಸ್ತಕದಲ್ಲಿದೆ. ಕಾರಣವಿಲ್ಲದೆ ಸುರಿಯುವ ಕರುಣೆಯನ್ನು ನಾವು ಭಾವುಕತೆಯೆನ್ನುತ್ತೇವೆ. ಕೊನೆಯ ದೃಶ್ಯದಲ್ಲಿ ಬುಟ್ಟಿಗೆ ಬೀಳುವ ಹಣದಲ್ಲಿ ಬಹುಪಾಲಿಗೆ ಹಿಂದೆ ಒಂದು ಸಾಲವಿದೆ, ನಾವದನ್ನು ಕಣ್ಣಾರೆ ಕಂಡಿದ್ದೇವೆ. ಇಟಲಿಯಿಂದ ಬಂದ ಮಾರ್ಟಿನಿಯು ಹೊಸ ಮನೆ ಹೊಕ್ಕ ದಿನ ಜಾರ್ಜನೂ ಮೇರಿಯೂ ರೊಟ್ಟಿ, ಉಪ್ಪು, ದ್ರಾಕ್ಷಾರಸಗಳನ್ನು ಕೊಟ್ಟು ಹರಸಿದ್ದರು. ಆರನೆಯ ವಯಸ್ಸಿನಲ್ಲಿ ಸಿಸಿಲಿಯಿಂದ ವಲಸೆ ಬಂದ ಕ್ಯಾಪ್ರಾನಿಗೆ ಆ ದೃಶ್ಯವು ಬರಿಯ ಕಲ್ಪನೆಯಾಗಿರಲಾರದು. ಗೌವರನದನ್ನು ಹೇಳಿಯಾಯಿತು. ಗೋಡೆಯಲ್ಲಿದ್ದ ಹಣ ಗೋಡೆಯಿಂದ ಹೊರಟು ಬಂದಿದೆ. ನಂಬಿಕೆಯೆಂಬುದಕ್ಕೆ ಸಾಲವೆಂಬುದೇ ಇಲ್ಲಿ ಇನ್ನೊಂದು ಹೆಸರು.

ಆದರೂ ಒಂದು ಪ್ರಶ್ನೆಗೆ ಚಿತ್ರವು ಉತ್ತರ ಕೊಡುವುದಿಲ್ಲ. ಕೊಡದಿರುವುದೇ ಅದರ ಪ್ರಾಮಾಣಿಕತೆಯೆಂದು ಈಗ ನನಗೆ ತೋರುತ್ತದೆ. ಜಾರ್ಜ್ ಲೋಕ ಸುತ್ತಲಿಲ್ಲ. ಸೇತುವೆ ಕಟ್ಟಲಿಲ್ಲ. ಗೌವರನು ಪ್ರೀತಿಯಿಂದ ಕೊಡಿಸಿದ ಪ್ರಯಾಣದ ಪೆಟ್ಟಿಗೆ ಪ್ರಯಾಣ ಮಾಡಲಿಲ್ಲ. ದೇವದೂತನ ದರ್ಶನದಿಂದ ಅವನ ಬದುಕು ಸಾರ್ಥಕವೆಂದು ತಿಳಿಯಿತು, ನಿಜ, ಕಳೆದುಕೊಂಡದ್ದು ಕಳೆದುಕೊಂಡದ್ದೇ. ಒಂದೇ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡದ ಅಕ್ಷರ ತಿದ್ದಿಸಿ, ಕಲಿತ ಮಕ್ಕಳನ್ನು ಬೆಂಗಳೂರಿಗೂ ಮುಂಬಯಿಗೂ ಕಳುಹಿಸಿ, ತಾವು ಇದ್ದಲ್ಲಿಯೇ ಇದ್ದವರು ನಮ್ಮ ಸಂಘದಲ್ಲಿ ಕಡಮೆಯಿಲ್ಲ. ನಿಮ್ಮಿಂದ ಎಷ್ಟು ಜನ ಮುಂದೆ ಬಂದರು ಎಂದು ಯಾರಾದರೂ ಹೇಳಿದಾಗ ಸಂತೋಷವಾಗುವುದು ನಿಜವೇ; ಮನೆಗೆ ಬಂದ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆ ಕಣ್ಣಿಗೆ ಬೀಳುವುದೂ ನಿಜವೇ. ಜಾರ್ಜನು ಕೊನೆಯಲ್ಲಿ ನಗುವಾಗ ಸ್ಟೂವರ್ಟನ ಕಣ್ಣಿನಲ್ಲಿ ಆ ಪೆಟ್ಟಿಗೆಯೂ ಇದೆ.

ನಾನು ಮೊದಲೇ ಸೂಚಿಸಿದ ಮೇರಿಯ ಮಾತೊಂದು ಉಳಿದಿದೆ. ಗಂಡನು ಬಾಗಿಲು ಬಡಿದು ಹೊರಟ ಒಡನೆ ಅವಳು ಟೆಲಿಫೋನಿಗೆ ಕೈ ಹಾಕುತ್ತಾಳೆ. ಅಪ್ಪನಿಗಾಗಿ ಪ್ರಾರ್ಥಿಸಿರೆಂದು ಮಕ್ಕಳಿಗೆ ಹೇಳುತ್ತಾಳೆ. ಆಮೇಲೆ ಚಿತ್ರವು ಅವಳನ್ನು ಬಿಟ್ಟು ಜಾರ್ಜನ ಬೆನ್ನು ಹತ್ತುತ್ತದೆ. ಅವನು ಇಲ್ಲದ ಊರಿನಲ್ಲಿ ಬೆದರಿದ ಮೇರಿಯೊಬ್ಬಳು ಅವನಿಂದ ಓಡುತ್ತಿರುವ ಹೊತ್ತಿನಲ್ಲೇ, ಇರುವ ಊರಿನಲ್ಲಿ ನಿಜವಾದ ಮೇರಿಯು ಹಿಮ ತುಳಿಯುತ್ತ ಮನೆಮನೆಗೆ ಹೋಗುತ್ತಿದ್ದಾಳೆ. ಅವಳೇ ಇದನ್ನೆಲ್ಲ ಮಾಡಿದಳೆಂದು ಚಿಕ್ಕಪ್ಪ ಬಿಲ್ಲಿಯ ಬಾಯಿಂದ ಕೊನೆಗೆ ಒಂದು ಮಾತು ಬರುತ್ತದೆ, ಅಷ್ಟೇ. ಆಕಾಶದ ದೂತನಿಗೆ ಅಷ್ಟು ದೃಶ್ಯಗಳನ್ನು ಕೊಟ್ಟ ನಿರ್ದೇಶಕನು ಈ ನಡೆಗೆ ಒಂದು ದೃಶ್ಯವನ್ನೂ ಕೊಡಲಿಲ್ಲ. ಡೋನಾ ರೀಡಳ ಶಾಂತವಾದ ನಟನೆಯನ್ನು ಮೆಚ್ಚಿಕೊಂಡೇ ಈ ಲೋಪವನ್ನು ಹೇಳಬೇಕಾಗಿದೆ. ಚಿತ್ರದ ದೊಡ್ಡ ಪವಾಡವು ತೆರೆಯ ಹೊರಗೆ ನಡೆದುಹೋಗಿದೆ.

ಕಾಸರಗೋಡಿನ ಕಡೆಯ ಶಾಲೆಗಳಿಗೆ ಕ್ರಿಸ್‌ಮಸ್ ರಜೆಯುಂಟು. ಒಂದು ವರ್ಷ ರಜೆಗೆ ಮೊದಲಿನ ಶನಿವಾರ ನಮ್ಮ ಹತ್ತನೆಯ ತರಗತಿಗೆ ಗೋಡೆಯ ಮೇಲೆ ಬಿಳಿಯ ಬಟ್ಟೆ ಕಟ್ಟಿ ಈ ಚಿತ್ರವನ್ನು ತೋರಿಸಿದೆ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಅರ್ಥ ಹೇಳಬೇಕಾಯಿತು. ಆ ರಾತ್ರಿ ಮೇರಿಯು ಯಾರ ಯಾರ ಮನೆಗೆ ಹೋದಳೆಂಬುದನ್ನು ಪ್ರಬಂಧವಾಗಿ ಬರೆದು ತರಲು ಹೇಳಿದೆ. ಹೆಚ್ಚಿನವರು ಕಂಡದ್ದನ್ನೇ ಬರೆದರು. ಒಬ್ಬ ಹುಡುಗನು ಮಾತ್ರ, ಮೊದಲು ಔಷಧಿಯಂಗಡಿಗೇ ಹೋಗಿರಬೇಕೆಂದು ವಾದಿಸಿದ್ದನು: ಲಂಡನ್ನಿನಲ್ಲಿದ್ದ ಗೆಳೆಯ ಸ್ಯಾಮ್ ವೇನ್‌ರೈಟನು ೨೫,೦೦೦ ಡಾಲರುಗಳವರೆಗೆ ಕೊಡಲು ಸಿದ್ಧನೆಂದು ಕಳುಹಿಸಿದ ತಂತಿಯಲ್ಲಿ, ತನಗೆ ಸುದ್ದಿ ಕೊಟ್ಟವನು ಗೌವರನೆಂದು ಇದೆಯಲ್ಲ, ಕಡಲಾಚೆಗೆ ತಂತಿ ಹೋಗಿ ಉತ್ತರ ಬರಲು ಹೊತ್ತು ಬೇಕಲ್ಲ. ನಾನೇ ಗಮನಿಸದಿದ್ದ ಸಂಗತಿ. ಇನ್ನೊಬ್ಬ ಹುಡುಗಿ ಅರ್ಧ ಪುಟ ಬರೆದಿದ್ದಳು. ಹಣ ಕೇಳಲು ಎಲ್ಲಿಗೂ ಹೋಗುವ ಮೊದಲು ಮೇರಿಯು ಝೂಝೂವಿನ ಟೀಚರ ಮನೆಯ ಬಾಗಿಲು ತಟ್ಟಿ, ಹಣದ ಮಾತನ್ನೇ ಎತ್ತದೆ, ತಪ್ಪಾಯಿತು ಟೀಚರೇ ಎಂದು ಹೇಳಿ ಬಂದಳಂತೆ.